‘ನಾನ್ಯಾರು ಹೇಳು ನೋಡೋಣ’: ಒಂದು ಛತ್ರ ಮೀಮಾಂಸೆ

ವಿಷಯ: ಮದುವೆಯ ಛತ್ರದಲ್ಲಿ ಊಟದ ಪಂಕ್ತಿಗೂ ಕೈತೊಳೆಯುವ ನಲ್ಲಿಗೂ ನಡುವಿನ ಹಾದಿಯಲ್ಲಿ ರೇಷ್ಮೆ ಸೀರೆಯ ಹಿರಿಯರೊಬ್ಬರು ತೋಳು ಹಿಡಿದು ಕೇಳುವ ಈ ಪ್ರಶ್ನೆ ಎರಡು ಬಗೆ. ಸೌಮ್ಯದಲ್ಲಿ ಕೇಳಿದವರೇ ಉತ್ತರವನ್ನೂ ಹೇಳಿಬಿಡುತ್ತಾರೆ. ಉಗ್ರದಲ್ಲಿ ಸಾಕ್ಷಿಗೆ ಇನ್ನೂ ನಾಲ್ವರನ್ನು ಕರೆಯುತ್ತಾರೆ.

ಪೂರ್ವಪಕ್ಷ: ನೆನಪೆಂಬುದು ಮನೆಯ ಅಟ್ಟ, ಇಟ್ಟದ್ದು ಇಟ್ಟಲ್ಲೇ ಇರುತ್ತದೆ, ಏಣಿ ಹಾಕಿದರಾಯಿತು ಎಂಬುದು ಅಟ್ಟವಾದಿಗಳ ಮತ. 1968ರಲ್ಲಿ ಮನೋವಿಜ್ಞಾನಿಗಳಾದ ಅಟ್ಕಿನ್‌ಸನ್ ಮತ್ತು ಶಿಫ್ರಿನ್ ಇದಕ್ಕೆ ಮೂರು ಅಂತಸ್ತು ಕಟ್ಟಿದರು: ಕಣ್ಣು ಕಿವಿಗೆ ಬಿದ್ದದ್ದು ಕ್ಷಣಕಾಲ ತಂಗುವ ಜಗಲಿ, ಗಮನವಿಟ್ಟದ್ದು ಕೆಲ ಸೆಕೆಂಡು ನಿಲ್ಲುವ ನಡುಮಹಡಿ, ಮೆಲುಕು ಹಾಕಿದ್ದು ವರ್ಷಗಟ್ಟಲೆ ಉಳಿಯುವ ಮೇಲಟ್ಟ. ನಡುಮಹಡಿ ಬಲು ಇಕ್ಕಟ್ಟು. ಏಳು ಸಂಗತಿ ಹಿಡಿಸುತ್ತದೆ, ಎರಡು ಹೆಚ್ಚುಕಮ್ಮಿ ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದರೆ, 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ‘ನಿನ್ನ ಅಜ್ಜಿಯ ತಂಗಿಯ ಮೈದುನನ ಮಗಳ ವಾರಗಿತ್ತಿ ಕಣೋ’ ಎಂಬ ಸುಳಿವಿನಲ್ಲಿ ಐದು ಜನರಿದ್ದಾರೆ. ಕೋವನ್ನರ ಲೆಕ್ಕದಲ್ಲಿ, ವಾರಗಿತ್ತಿ ಹತ್ತುವಷ್ಟರಲ್ಲಿ ಅಜ್ಜಿ ಜಾರಿ ಬಿದ್ದಿರುತ್ತಾರೆ.

ಆಕ್ಷೇಪ: ಮುಖ ಗೊತ್ತಿದೆ, ಹೆಸರೇಕೆ ಬಾರದು? 1966ರಲ್ಲಿ ಬ್ರೌನ್ ಮತ್ತು ಮೆಕ್‌ನೀಲ್ ತೋರಿಸಿದಂತೆ, ನಾಲಿಗೆಯ ತುದಿಗೆ ಬಂದು ನಿಂತ ಪದದ ಮೊದಲಕ್ಷರ ಎಷ್ಟೋ ಸಲ ಹೊಳೆದಿರುತ್ತದೆ. ಇಲ್ಲೂ ‘ಸ’ ಸಿಕ್ಕಿತೆನ್ನಿ. ಛತ್ರದಲ್ಲಿ ಸರೋಜಾ, ಸಾವಿತ್ರಿ, ಸುಲೋಚನಾ, ಸುಶೀಲಾ ಎಲ್ಲರೂ ಊಟಕ್ಕೆ ಕೂತಿದ್ದಾರೆ. 1987ರ ಒಂದು ಬ್ರಿಟಿಷ್ ಪ್ರಯೋಗದಲ್ಲಿ ಅಪರಿಚಿತ ಮುಖಗಳ ಜೊತೆ ಕಲಿಸಿದ ಕಸುಬು ಜನರ ನೆನಪಿಗೆ ಬಂದಷ್ಟು ಸುಲಭವಾಗಿ ಮನೆತನದ ಹೆಸರು ಬರಲಿಲ್ಲ. ಕಸುಬಿಗೆ ನೂರು ಸಂಗತಿಗಳ ನಂಟು, ಹೆಸರು ಒಂಟಿ. ನಮ್ಮ ಮನೆಗಳು ಪ್ರಯೋಗಶಾಲೆಗೆ ಕಾಯದೆ ‘ತಿಪಟೂರತ್ತೆ’, ‘ಬ್ಯಾಂಕ್ ಮಾವ’ ಎಂದು ನಾಮಕರಣ ಮಾಡಿ ಈ ತೊಡಕನ್ನು ಬಿಡಿಸಿಕೊಂಡಿದ್ದವು. ಮಾವ ನಿವೃತ್ತರಾಗಿ, ಅತ್ತೆ ಮೈಸೂರಿಗೆ ಹೋದ ಮೇಲೆ ಶಾಸ್ತ್ರ ಕೆಟ್ಟಿತು.

ಸಿದ್ಧಾಂತ: ನೆನಪು ಅಟ್ಟವೇ ಅಲ್ಲ. ಫ್ರೆಡರಿಕ್ ಬಾರ್ಟ್‌ಲೆಟ್ 1932ರ ತನ್ನ ಗ್ರಂಥದಲ್ಲಿ ವರದಿ ಮಾಡಿದಂತೆ, ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿದ ಇಂಗ್ಲಿಷರು ಮತ್ತೆ ಹೇಳುವಾಗ ಸೀಲ್ ಬೇಟೆಯನ್ನು ಮೀನುಗಾರಿಕೆ ಮಾಡಿದರು. ಇಳಿಸಿದ್ದು ಹಳೆಯ ಸಾಮಾನಲ್ಲ, ಆಗಷ್ಟೇ ಕಟ್ಟಿದ್ದು. ಆದ್ದರಿಂದ ‘ಅಯ್ಯೋ, ಗೊತ್ತಾಗ್ದೇ ಇರತ್ತಾ!’ ಎಂಬ ಉತ್ತರ ಸುಳ್ಳಲ್ಲ, ಕಾಮಗಾರಿ ಪ್ರಗತಿಯಲ್ಲಿದೆ ಎಂಬ ಪ್ರಕಟಣೆ.

ಉಳಿದ ಕಾಮಗಾರಿ ಹಿರಿಯರದು. ‘ಒಂದು ವರ್ಷದವನಿದ್ದಾಗ ನನ್ನ ಸೀರೆ ಒದ್ದೆ ಮಾಡಿದ್ಯಲ್ಲೋ!’ ಎನ್ನುತ್ತಾರೆ. ಆ ವಯಸ್ಸಿನ ಘಟನೆ ದೊಡ್ಡವರಾದ ಮೇಲೆ ಯಾರ ನೆನಪಿಗೂ ಬರುವುದಿಲ್ಲ. ಆದರೆ 1995ರಲ್ಲಿ ಲಾಫ್ಟಸ್ ಮತ್ತು ಪಿಕ್ರೆಲ್, ‘ಚಿಕ್ಕಂದಿನಲ್ಲಿ ನೀವು ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ’ ಎಂಬ ನಡೆಯದ ಘಟನೆಯನ್ನು ಮನೆಯವರೇ ಹೇಳಿದ್ದೆಂದು 24 ಜನರ ಮುಂದಿಟ್ಟಾಗ, ಸುಮಾರು ಕಾಲುಭಾಗ ಜನ ಅಷ್ಟೋ ಇಷ್ಟೋ ನೆನಪಿದೆಯೆಂದರು. ಇಲ್ಲೂ ಹಾಗೆಯೇ: ಎರಡನೇ ಸಲ ಕೇಳುವಷ್ಟರಲ್ಲಿ ಸೀರೆ ಹಸಿರು, ಮೂರನೆಯದಕ್ಕೆ ಜರಿಯಂಚು. ಆಗ ಅವರು ‘ನೀನು ಶ್ರೀಧರನ ಮಗ ತಾನೆ?’ ಎನ್ನುತ್ತಾರೆ. ಅಲ್ಲ. ಆದರೂ ಸೀರೆ ಮಾತ್ರ ಹಸಿರಾಗಿಯೇ ಉಳಿಯುತ್ತದೆ.

ಫಲಶ್ರುತಿ: ಇದನ್ನು ಮೂರು ಬಾರಿ ಪಠಿಸಿದವರಿಗೂ ಹೆಸರು ಹೊಳೆಯದು. ‘ಮನೇಲೆಲ್ಲಾ ಚೆನ್ನಾಗಿದಾರಾ?’ ಎಂಬ ವಾಕ್ಯವೊಂದು ಸಿದ್ಧಿಸುವುದು. ಅದು ಯಾವ ಸರೋಜಾಗೂ, ಯಾವ ಶ್ರೀಧರನಿಗೂ ಸಲ್ಲುತ್ತದೆ.