ಕೊನೆಯಲ್ಲಿ ನೀತಿ ಇದೆಯಾ ಸಾರ್?

ಹುಡುಗನಿಗೆ ಹೆಣ್ಣು ನೋಡುವವರಿಗೆ ಜಾತಕದ ಆಸರೆಯಾದರೂ ಇರುತ್ತದೆ. ಓದುಗರಿಗೆ ಪುಸ್ತಕ ನೋಡುವವನಿಗೆ ಅದೂ ಇಲ್ಲ. ಪ್ರತಿ ಓದುಗನಿಗೂ ಅವನದೇ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರದೇ ಓದುಗ ಅಂತ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯ ಶಾಸ್ತ್ರದ ಸೂತ್ರ ಬರೆದಿಟ್ಟರು. ಮಹಾನುಭಾವರು ಮೊದಲು ಗಣಿತದ ಮೇಷ್ಟ್ರಾಗಿದ್ದವರು. ಸೂತ್ರ ಕೊಟ್ಟು, ಲೆಕ್ಕ ಮಾಡುವುದನ್ನು ನಮಗೆ ಬಿಟ್ಟರು.

ಮೈಸೂರಿನ ನಮ್ಮ ಬೀದಿಯಲ್ಲಿ ಆ ಲೆಕ್ಕ ನನ್ನ ಪಾಲಿಗೆ ಬಂದಿದೆ. ಕಾರಿಲ್ಲದ ಒಂದು ಗ್ಯಾರೇಜಿನಲ್ಲಿ ಎರಡು ಬೀರು ನಿಲ್ಲಿಸಿ ‘ವಾಚನಾಲಯ’ ಅಂತ ಬೋರ್ಡು ಬರೆಸಿದ್ದೇವೆ. ಪುಸ್ತಕ ಆರಿಸುವುದು ನಾನು. ಅರ್ಹತೆ: ನಿವೃತ್ತಿ ಮತ್ತು ದಪ್ಪ ಕನ್ನಡಕ.

ಮೊದಲ ಗಿರಾಕಿ ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಹುಡುಗಿ. ಮಾನಸಗಂಗೋತ್ರಿಯಲ್ಲಿ ಸೈಕಾಲಜಿ ಓದುತ್ತಾಳೆ. “ಅಂಕಲ್, ಕನ್ನಡದಲ್ಲಿ ಸೈಕಾಲಜಿ ಏನಾದ್ರೂ ಇದ್ಯಾ? ನೋಟ್ಸ್ ಥರದ್ದು ಬೇಡ” ಅಂದಳು. ಮೈಸೂರಲ್ಲಿ ನಿಂತು ಕೇಳೋ ಪ್ರಶ್ನೆಯೇ ಇದು? 1924ರಲ್ಲೇ ಇಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿತ್ತು. ಅದನ್ನು ಬೆಳೆಸಿದ ಎಂ.ವಿ. ಗೋಪಾಲಸ್ವಾಮಿಯವರು, ಮನಸ್ಸಿನೊಳಗಿನ ದನಿ ಸಾಲದೆಂದೋ ಏನೋ, 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದರು. ಇಷ್ಟು ಹೇಳುವಷ್ಟರಲ್ಲಿ ಹುಡುಗಿ ಫೋನು ನೋಡತೊಡಗಿದ್ದಳು. ಪ್ರಸಾರ ನಿಲ್ಲಿಸಿ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಕೈಗಿತ್ತೆ. ‘ಕೊರವಂಜಿ’ ಪತ್ರಿಕೆ ನಡೆಸಿ ನಾಡನ್ನು ನಗಿಸಿದ ರಾಶಿಯವರೇ ಈ ಡಾಕ್ಟರು. ಈ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಜೊತೆಗೆ ತ್ರಿವೇಣಿಯವರ ‘ಶರಪಂಜರ’. ಅವರೂ ಮೈಸೂರಲ್ಲೇ ಮನಃಶಾಸ್ತ್ರ ಓದಿದವರು. ಬಾಣಂತನದಲ್ಲಿ ಬುದ್ಧಿ ಕೆಟ್ಟು, ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರು ಹುಚ್ಚಿ ಅಂತಲೇ ನೋಡುವ ಕತೆ. ಪಠ್ಯಪುಸ್ತಕದಲ್ಲಿ ಒಂದೊಂದು ರೋಗಕ್ಕೂ ಒಂದೊಂದು ಅಧ್ಯಾಯ ಇರುತ್ತದೆ, ನೆರೆಹೊರೆಯವರಿಗೆ ಇರುವುದಿಲ್ಲ.

ಹುಡುಗಿ ರಾತ್ರಿಯೆಲ್ಲ ಓದಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಆಮೇಲೆ ನೆರೆಹೊರೆಯನ್ನೇ ಅಧ್ಯಾಯ ಮಾಡಿಕೊಂಡಳು. ಸೈಕಾಲಜಿ ಸೇರಿದವರಿಗೆ ಮೊದಲ ಸೆಮಿಸ್ಟರಿನಲ್ಲಿ ಎಲ್ಲ ಕಾಯಿಲೆಯೂ ತಮಗೇ ಇದೆ ಅನ್ನಿಸುತ್ತದಂತೆ. ಎರಡನೆಯದರಲ್ಲಿ ಮನೆ ಓನರಿಗೆ. ರಾತ್ರಿ ಗೇಟಿನ ಚಿಲಕ ಎಳೆದೆಳೆದು ನೋಡುವ ನನ್ನ ಅಭ್ಯಾಸಕ್ಕೂ ಒಂದು ಇಂಗ್ಲಿಷ್ ಹೆಸರು ಸಿಕ್ಕಿದೆ. ನನ್ನ ಹೆಂಡತಿಗೆ ಅದು ಬಹಳ ಹಿಡಿಸಿ ಅಡುಗೆಮನೆಯಲ್ಲಿ ಬಳಕೆಗೂ ಬಂದಿದೆ.

ಚಿಕ್ಕಮಕ್ಕಳದು ಬೇರೆಯೇ ಫಜೀತಿ. ಅಲ್ಲಿ ಪುಸ್ತಕ ಆರಿಸುವವರೊಬ್ಬರು, ಓದಿ ಹೇಳುವವರೊಬ್ಬರು, ಹರಿಯುವವರು ಇನ್ನೊಬ್ಬರು. ತೀರಾ ಎಳೆಯರಿಗೆ ಕತೆಗಿಂತ ರಟ್ಟು ಮುಖ್ಯ. ವಿಮರ್ಶೆ ಹಲ್ಲಿನಿಂದಲೇ ಶುರುವಾಗುತ್ತದೆ. ಅವರನ್ನಾದರೂ ಸಂಭಾಳಿಸಬಹುದು, ಅಪ್ಪಂದಿರನ್ನಲ್ಲ. ಪುಸ್ತಕವನ್ನು ಹಿಂದಿನಿಂದ ತೆರೆದು, “ಕೊನೆಯಲ್ಲಿ ನೀತಿ ಇದೆಯಾ ಸಾರ್?” ಅಂತಾರೆ. ತಾವು ಒಯ್ಯುವ ಪತ್ತೇದಾರಿ ಕಾದಂಬರಿಯಲ್ಲಿ ಇವರು ನೀತಿ ಹುಡುಕಿದ್ದನ್ನು ನಾನಂತೂ ಕಂಡಿಲ್ಲ.

ಅಂಥ ಒಬ್ಬರಿಗೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕೊಟ್ಟೆ. ಬ್ರೌನಿಂಗ್ ಪದ್ಯದಿಂದ ಹೊರಟ ಇಲಿಗಳು ಕುವೆಂಪು ಕೈಗೆ ಸಿಕ್ಕಿ ಅಪ್ಪಟ ಕನ್ನಡದ ಇಲಿಗಳಾಗಿವೆ. ನೀತಿ ಬೇಕೇಬೇಕು ಅಂದರೆ ಅದು ದೊಡ್ಡವರಿಗೇ ಇದೆ: ಒಪ್ಪಿಕೊಂಡ ದುಡ್ಡು ಕೊಟ್ಟುಬಿಡಿ. ಸ್ವಲ್ಪ ದಿನ ಬಿಟ್ಟು ಬಂದ ಅಪ್ಪನ ಗಂಟಲು ಕಟ್ಟಿತ್ತು. ದಿನಾ ರಾತ್ರಿ ಅದೇ ಬೇಕು. ನಿದ್ದೆಗಣ್ಣಲ್ಲಿ ಒಂದು ಸಾಲು ಹಾರಿಸಿದರೂ ಮಗಳು ಎದ್ದು ಕೂತು, ಮೊದಲಿಂದ ಓದು ಅಂತಾಳಂತೆ. “ಬೇರೆ ಯಾವುದಾದ್ರೂ ಚಿಕ್ಕದು ಕೊಡಿ ಸಾರ್. ನೀತಿ ಇಲ್ದಿದ್ರೂ ಪರವಾಗಿಲ್ಲ.”

ಮಕ್ಕಳ ಬೀರುವಿನ ನಿಜವಾದ ಗಿರಾಕಿ ಮಾತ್ರ ಎದುರುಮನೆ ರಾಯರು. ಬ್ಯಾಂಕಿನಿಂದ ನಿವೃತ್ತರು. ಅವರಿಗೆಂದೇ ಗೀತೆಯ ವ್ಯಾಖ್ಯಾನ, ಸಕ್ಕರೆ ಕಾಯಿಲೆಯ ಪಥ್ಯ ಎಲ್ಲ ತರಿಸಿಟ್ಟಿದ್ದೆ. ಅವುಗಳತ್ತ ತಿರುಗಿಯೂ ನೋಡದೆ, ಶಿವರಾಮ ಕಾರಂತರು 1936ರಲ್ಲಿ ಹೊರತಂದ ‘ಬಾಲಪ್ರಪಂಚ’ದ ಒಂದು ಸಂಪುಟ ಕಂಕುಳಲ್ಲಿಟ್ಟುಕೊಂಡು, “ಮೊಮ್ಮಗನಿಗೆ” ಅಂತ ರಿಜಿಸ್ಟರಿನಲ್ಲಿ ಬರೆದರು. ಮೊಮ್ಮಗ ಇರುವುದು ಟೆಕ್ಸಾಸಿನಲ್ಲಿ. ಮೊನ್ನೆ ಅವರ ಜಗಲಿಯಲ್ಲಿ ಪುಸ್ತಕ ಕಣ್ಣಿಗೆ ಬಿತ್ತು. ಪುಟದ ಗುರುತಿಗೆ ಬಿ.ಪಿ. ಮಾತ್ರೆಯ ಖಾಲಿ ಪಟ್ಟಿ ಇಟ್ಟಿದ್ದರು. ಗಡುವು ದಾಟಿದೆಯಲ್ಲ ರಾಯರೇ ಅಂದೆ.

“ಅವನಿನ್ನೂ ಮುಗಿಸಿಲ್ಲ ಇವ್ರೇ” ಅಂದರು.