ನಮ್ಮ ಕರುಳು ಭಾವ

ಹಿಂದೆ ಪ್ರತಿ ಬಡಾವಣೆಗೂ ಒಬ್ಬ ಜ್ಯೋತಿಷಿ, ಹೋಮಿಯೋಪತಿ ಡಬ್ಬಿ ಇಟ್ಟುಕೊಂಡ ಒಬ್ಬ ನಿವೃತ್ತ ಮೇಷ್ಟ್ರು ಇರುತ್ತಿದ್ದರು. ಈಗ ಆ ಜಾಗಕ್ಕೆ ಕರುಳಿನವರು ಬಂದಿದ್ದಾರೆ. ಇವರನ್ನು ಗುರುತಿಸುವುದು ಸುಲಭ. ವಯಸ್ಸು ಐವತ್ತೈದು ದಾಟಿರುತ್ತದೆ. ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ವಿಆರ್‌ಎಸ್ ತೆಗೆದುಕೊಂಡಿರುತ್ತಾರೆ. ನೀವು ಲೋಕಾಭಿರಾಮವಾಗಿ ‘ಊಟ ಆಯ್ತಾ?’ ಎಂದರೆ ‘ಆಯ್ತು’ ಎಂದು ಸುಮ್ಮನಾಗುವವರಲ್ಲ. ಏನೇನು ಆಯ್ತು, ಏನೇನು ಇನ್ನು ಈ ಜನ್ಮದಲ್ಲಿ ಆಗುವುದಿಲ್ಲ ಎಂದು ನಿಲ್ಲಿಸಿಕೊಂಡು ವಿವರಿಸುತ್ತಾರೆ. ನಮ್ಮ ವಂಶಕ್ಕೆ ಈ ಭಾಗ್ಯ ಅಕ್ಕನ ಗಂಡನ ರೂಪದಲ್ಲಿ ಒದಗಿದೆ.

ಭಾವನಿಗೆ ಇದ್ದದ್ದು ನಮ್ಮ ಕಡೆಯ ಅರ್ಧ ಗಂಡಸರಿಗೆ ಇರುವ ಕಾಯಿಲೆ, ಗ್ಯಾಸ್ಟ್ರಿಕ್. ಹುಳಿತೇಗು, ಹೊಟ್ಟೆಯುಬ್ಬರ, ರಾತ್ರಿ ಎದ್ದು ಕೂತು ‘ಹಾರ್ಟೇ ಇರಬೇಕು ಕಣೇ’ ಎಂದು ಹೆಂಡತಿಯನ್ನು ಎಬ್ಬಿಸುವುದು. ಬಸವನಗುಡಿಯ ಅವರ ರಸ್ತೆಯ ಕೊನೆಯಲ್ಲಿರುವ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ‘ಸಂಜೆ ಬೋಂಡ ಬಿಡಿ ಸಾರ್, ರಾತ್ರಿ ಎಂಟಕ್ಕೆ ಊಟ ಮುಗಿಸಿ’ ಎಂದರು. ಭಾವನಿಗೆ ಅವಮಾನವಾಯಿತು. ಸರ್ವೀಸೆಲ್ಲ ಬ್ರಾಂಚ್ ಬ್ರಾಂಚ್ ಸುತ್ತಿ ಇನ್‌ಸ್ಪೆಕ್ಷನ್ ಮಾಡಿದ ಮನುಷ್ಯನ ಹೊಟ್ಟೆ ಕೆಡುವುದಕ್ಕೆ ಜುಜುಬಿ ಬೋಂಡ ಕಾರಣವೇ? ಒಳಗೆ ದೊಡ್ಡ ಹಗರಣವೇ ಇರಬೇಕು ಎಂದು ತನಿಖೆಗೆ ಕೂತರು. ಕೂತವರಿಗೆ ಸಿಗದಿರುತ್ತದೆಯೇ? ಸಿಕ್ಕಿತು: ಕರುಳಿನ ಗೋಡೆ ಸೋರುತ್ತಿದೆ. ಅದೂ ಅವರೊಬ್ಬರದಲ್ಲ, ಮನೆಮಂದಿಯದೆಲ್ಲ. ಮಗಳ ಮೊಡವೆ, ಮಗನ ಗಣಿತದ ಅಂಕ, ಅಕ್ಕನ ಸಿಡುಕು, ಎಲ್ಲದರ ಮೂಲ ಆ ಸೋರಿಕೆಯಲ್ಲಿತ್ತು. (ಅಕ್ಕನ ಸಿಡುಕಿನ ಮೂಲ ಎದುರಿಗೇ ಕೂತು ಮಾತಾಡುತ್ತಿತ್ತು ಎಂದು ನನ್ನ ಅಂದಾಜು.) ಕರುಳಿನ ಒಳಪದರದ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ತಾವಾಗಿಯೇ ಹೊಸದಾಗುತ್ತವೆ. ಭಾವನ ಅಪ್ಪಣೆಗೆ ಕಾಯದೆ ನಡೆಯುವ ಇಂಥ ರಿಪೇರಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅವರು ದೀಕ್ಷೆ ತೆಗೆದುಕೊಂಡ ಪಥ್ಯದ ಹೆಸರು ಗ್ಯಾಪ್ಸ್. ಇಂಗ್ಲೆಂಡಿನಲ್ಲಿ ನೆಲೆಸಿದ ನತಾಶಾ ಕ್ಯಾಂಪ್‌ಬೆಲ್-ಮೆಕ್‌ಬ್ರೈಡ್ ಎಂಬಾಕೆ 2004ರಲ್ಲಿ ಬರೆದ ಪುಸ್ತಕ ಅದರ ಮೂಲಗ್ರಂಥ. ಅಕ್ಕಿ, ಗೋಧಿ, ರಾಗಿ, ಸಕ್ಕರೆ, ಆಲೂಗಡ್ಡೆ ಎಲ್ಲಕ್ಕೂ ಬಹಿಷ್ಕಾರ. ಪ್ರವೇಶಕ್ಕೇ ಆರು ಘಟ್ಟ, ಪೂರ್ಣ ಸಿದ್ಧಿಗೆ ವರ್ಷಗಳು. ಇದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು ವೈದ್ಯಲೋಕ ಹೇಳುತ್ತದೆ. ಆ ಮಾತನ್ನೇ ಭಾವ ಪುರಾವೆಯಾಗಿ ತೋರಿಸುತ್ತಾರೆ. ಗ್ಯಾಪ್ಸ್‌ಗೂ ಒಂದು ಗುರುಪರಂಪರೆ ಇದೆ. ಅದರ ಹಿಂದೆ ಎಲೈನ್ ಗಾಟ್‌ಶಾಲ್ ಎಂಬಾಕೆ, ಆಕೆಯ ಹಿಂದೆ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್. ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯಿಂದ ಸೊರಗಿದ್ದ ಮಕ್ಕಳಿಗೆ ಈ ಹಾಸ್ ರೊಟ್ಟಿ ಬಿಡಿಸಿ, ಬಾಳೆಹಣ್ಣು ತಿನ್ನಿಸಿ ಚೇತರಿಸಿದ ಕಥೆ 1924ರಲ್ಲಿ ಪ್ರಕಟವಾಯಿತು. ಬಾಳೆಹಣ್ಣಿಗೆ ಜಯಕಾರವೋ ಜಯಕಾರ. ಎರಡನೇ ಮಹಾಯುದ್ಧದ ಕೊನೆಗೆ ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂದಾಗ ಅಲ್ಲಿನ ಸೀಲಿಯಾಕ್ ಮಕ್ಕಳು ಸುಧಾರಿಸಿದ್ದನ್ನು, ಬ್ರೆಡ್ ವಾಪಸು ಬಂದಾಗ ಮತ್ತೆ ಕೆಟ್ಟದ್ದನ್ನು ವಿಲೆಮ್ ಡಿಕೆ ಎಂಬ ವೈದ್ಯರು ಕಂಡರು. ಬಾಳೆಹಣ್ಣಿನ ಕೊರಳಿಗೆ ಬಿದ್ದ ಹಾರ ಗೈರುಹಾಜರಾಗಿದ್ದ ಗೋಧಿಗೆ ಸಲ್ಲಬೇಕಾಗಿತ್ತು. ಇದನ್ನು ನಾನು ಭಾವನಿಗೆ ಹೇಳಿದೆ. ‘ನೋಡಿದೆಯಾ, ಆ ಕಾಲದಿಂದಲೂ ಇದೆ’ ಎಂದರು.

ಮೊದಲ ಘಟ್ಟದಲ್ಲೇ ಧರ್ಮಸಂಕಟ. ಗ್ರಂಥದಲ್ಲಿ ಮೊದಲ ಪುಟಗಳಿಂದಲೂ ಮಾಂಸ, ಮೂಳೆ ಬೇಯಿಸಿದ ಸಾರು. ಮನೆಯಲ್ಲಿ ಈರುಳ್ಳಿಯೂ ಕಾಣದ ಮಾಧ್ವರ ಅಡುಗೆಮನೆ. ಭಾವ ಎರಡು ದಿನ ಯೋಚಿಸಿ ನುಗ್ಗೆಕಾಯಿ ತಂದರು. ‘ಮೂಳೆಯ ಹಾಗೇ ಇದೆ, ಚೀಪಿ ಉಗೀಬೇಕು, ತತ್ವ ಒಂದೇ’ ಎಂದರು. ನುಗ್ಗೆಕಾಯಿಯನ್ನು ನಾಲ್ಕು ಗಂಟೆ ಕುದಿಸಿದ ನೀರು ಬೆಳಿಗ್ಗೆ ಕಾಫಿಯ ಲೋಟದಲ್ಲಿ ಬರತೊಡಗಿತು. ಫಿಲ್ಟರ್ ಅಟ್ಟ ಸೇರಿತು.

ಎರಡನೆಯದು ಹುಳಿ ಬರಿಸಿದ ಎಲೆಕೋಸು. ಜರ್ಮನರ ಸವರ್‌ಕ್ರಾಟ್. ಉಪ್ಪಿನಕಾಯಿ ಜಾಡಿಯಲ್ಲಿ ಕೋಸು ಹೆಚ್ಚಿ ಉಪ್ಪು ಬೆರೆಸಿ ಮುಚ್ಚಿಟ್ಟರು. ಮೇ ತಿಂಗಳ ಸೆಕೆಗೆ ಅದು ಜರ್ಮನಿಯಲ್ಲಿ ವಾರಗಟ್ಟಲೆ ಮಾಡುವ ಕೆಲಸವನ್ನು ಮೂರು ದಿನದಲ್ಲಿ ಮುಗಿಸಿ ಮುಚ್ಚಳ ಹಾರಿಸಿತು. ‘ಎಲ್ಲೋ ಹಲ್ಲಿ ಸತ್ತಿದೆ, ಹುಡುಕೇ’ ಎಂದು ಅಜ್ಜಿ, ಎಂದರೆ ಭಾವನ ತಾಯಿ, ಅಕ್ಕನನ್ನು ಮನೆಯೆಲ್ಲ ಗುಡಿಸಲು ಹಚ್ಚಿದರು. ತಮಾಷೆ ಎಂದರೆ ಆ ಕೋಸನ್ನು ಹುಳಿ ಬರಿಸಲು ಶುರುಮಾಡುವ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಸೂಕ್ಷ್ಮಜೀವಿಯೇ ನಮ್ಮ ಇಡ್ಲಿ ಹಿಟ್ಟನ್ನೂ ಉಬ್ಬಿಸುವುದು. ಅಕ್ಕ ಎಷ್ಟೋ ಕಾಲದಿಂದ ಅದನ್ನು ದಿನಾ ರಾತ್ರಿ ಸಾಕಿಕೊಂಡು ಬಂದಿದ್ದಳು. ಆದರೆ ಇಡ್ಲಿಯಲ್ಲಿ ಅಕ್ಕಿ ಇದೆಯಲ್ಲ, ಆದ್ದರಿಂದ ಗ್ರೈಂಡರ್ ಕೂಡ ಅಟ್ಟಕ್ಕೆ ಹೋಯಿತು. ಮೊಸರನ್ನು ಇಪ್ಪತ್ತನಾಲ್ಕು ಗಂಟೆ ಹೆಪ್ಪಿಗೆ ಬಿಡಬೇಕೆಂದು ಇನ್ನೊಂದು ಕಟ್ಟಳೆ. ಅಜ್ಜಿ ಒಂದು ಚಮಚ ಬಾಯಿಗೆ ಹಾಕಿ, ‘ಇದನ್ನ ನಾವು ಮಜ್ಜಿಗೆಹುಳಿಗೆ ಎತ್ತಿಡ್ತಿದ್ವಿ’ ಎಂದರು.

ಅಕ್ಕಿಹಿಟ್ಟಿನ ಬದಲು ಬಾದಾಮಿ ಹಿಟ್ಟು. ಕಾವಲಿಯ ಮೇಲೆ ನಾಲ್ಕು ಚೂರಾದ ಬಾದಾಮಿ ರೊಟ್ಟಿಯನ್ನು ನೋಡಿ ಮಗ, ‘ಅಮ್ಮಾ, ಸಕ್ಕರೆ ಹಾಕಿದ್ರೆ ಬರ್ಫಿ ಆಗ್ತಿತ್ತಲ್ವಾ?’ ಎಂದ. ಪಿಯುಸಿ ಓದುವ ಹುಡುಗ, ಟ್ಯೂಷನ್‌ಗೆ ಹೋಗಿ ಬರುವಾಗ ಗಾಡಿಯಲ್ಲಿ ಗೋಬಿ ಮಂಚೂರಿ ತಿಂದೇ ಬರುತ್ತಿದ್ದ. ಹಿಂದಾದರೆ ಕೆಂಪು ಬೆರಳು ನೋಡಿ ಹಿಡಿಯಬಹುದಿತ್ತು. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶ ಮಾಡಿದ ಮೇಲೆ ಆ ಸಾಕ್ಷ್ಯವೂ ಹೋಗಿದೆ. ಮಗಳ ಕಾಲೇಜು ಕ್ಯಾಂಟೀನಿನ ವಿಷಯ ನನಗೆ ಗೊತ್ತು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ಯಾರಿಗಾದರೂ ತಲೆನೋವು ಬಂದರೆ ಭಾವನ ಮುಖ ಅರಳುತ್ತಿತ್ತು. ‘ಒಳಗಿನ ಕೆಟ್ಟ ಕ್ರಿಮಿಗಳು ಸಾಯ್ತಾ ಇವೆ, ಅದರ ವಿಷ ಅದು.’ ಆರಾಮಾದರೆ ಪಥ್ಯದ ಮಹಿಮೆ, ಮಲಗಿದರೆ ಪಥ್ಯದ ಪ್ರತಾಪ. ಇಂಥ ಬ್ಯಾಲೆನ್ಸ್ ಶೀಟನ್ನು ಯಾವುದಾದರೂ ಬ್ರಾಂಚ್ ಮ್ಯಾನೇಜರ್ ತಂದಿಟ್ಟಿದ್ದರೆ ಇದೇ ಭಾವ ಅವನನ್ನು ಸಸ್ಪೆಂಡ್ ಮಾಡಿಸುತ್ತಿದ್ದರು. ಬೆಳೆಯುವ ಹುಡುಗಿ ತೂಕ ಕಳೆದುಕೊಂಡು ಮೆಟ್ಟಿಲು ಹತ್ತುವಾಗ ನಿಂತು ಉಸಿರು ತೆಗೆದುಕೊಳ್ಳುವಂತಾದಾಗ ಮಾತ್ರ ಅಕ್ಕ ಯಾರನ್ನೂ ಕೇಳದೆ ಮಗಳಿಗೆ ಬೇರೆ ಕುಕ್ಕರ್ ಇಟ್ಟಳು. ಅದರ ಬಗ್ಗೆ ಭಾವ ಒಂದು ಮಾತೂ ಆಡಲಿಲ್ಲ. ಜಾಣರು.

ಮದುವೆ ಮನೆಗಳಲ್ಲಿ ಅವರ ದರ್ಶನ ಮಾಡಬೇಕು. ಕೈಯಲ್ಲಿ ಸ್ವಂತ ಟಿಫಿನ್ ಕ್ಯಾರಿಯರ್. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಬಡಿಸುವವರನ್ನು ತಡೆದು, ‘ಪಲ್ಯಕ್ಕೆ ಇಂಗು ಹಾಕಿದೀರಾ? ಅಂಗಡಿ ಇಂಗಿನಲ್ಲಿ ಮೈದಾ ಬೆರೆಸಿರ್ತಾರೆ, ಗೊತ್ತಾ?’ ಎನ್ನುತ್ತಾರೆ. ಮಾತು ಸುಳ್ಳಲ್ಲ, ಒಗ್ಗರಣೆಯ ಇಂಗಿನ ಡಬ್ಬಿಯಲ್ಲಿ ಬಹುಪಾಲು ಹಿಟ್ಟು, ಅಂಟು ಇರುವುದು ನಿಜ. ಆದರೆ ಹಿಂದೆ ಮುನ್ನೂರು ಎಲೆ ಕಾಯುತ್ತಿರುವಾಗ ಬಡಿಸುವ ಹುಡುಗ ಏನು ಹೇಳಿಯಾನು? ಇಂಗು ತಿನ್ನದೆಯೇ ಮಂಗನ ಹಾಗೆ ನಿಂತುಬಿಡುತ್ತಾನೆ. ಪಕ್ಕದ ಎಲೆಯವರು ಹೋಳಿಗೆ ಮುರಿಯುವ ಹೊತ್ತಿಗೆ ಸರಿಯಾಗಿ ಭಾವ ಗ್ಲುಟೆನ್ ಎಂದರೆ ಏನೆಂದು ಶುರುಮಾಡುತ್ತಾರೆ. ತಾವು ತಿನ್ನದಿರುವುದರಲ್ಲಿ ಅವರಿಗೆ ಅಂಥ ಸುಖವೇನೂ ಇಲ್ಲ. ಇನ್ನೊಬ್ಬರ ಕೈ ಬಾಯಿಯ ಹತ್ತಿರ ಬಂದು ತಡೆಯುತ್ತದಲ್ಲ, ಅದರಲ್ಲಿ ಇದೆ.

ಅಷ್ಟರಲ್ಲಿ ಆಷಾಢದ ಏಕಾದಶಿ ಬಂತು, ಅಜ್ಜಿಯ ಚಾತುರ್ಮಾಸ್ಯ ಹಿಡಿಯಿತು. ಗೊತ್ತಿರುವವರಿಗೆ ಹೇಳಬೇಕಿಲ್ಲ: ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಆಮೇಲೆ ಕ್ಷೀರವ್ರತ, ಹಾಲಿಲ್ಲ. ಕೊನೆಗೆ ದ್ವಿದಳ, ಬೇಳೆಗಳಿಲ್ಲ. ಒಂದೊಂದನ್ನೇ ಬಿಡುವುದು, ಒಂದೊಂದನ್ನೇ ತಿರುಗಿ ಹಿಡಿಯುವುದು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಕರುಳಿನ ಕಿರಿಕಿರಿಯವರಿಗಾಗಿ ರೂಪಿಸಿದ ಫಾಡ್‌ಮ್ಯಾಪ್ ಪಥ್ಯದಲ್ಲೂ ಕೆಲವು ವಾರ ಬಿಟ್ಟು ಆಮೇಲೆ ಒಂದೊಂದಾಗಿ ತಿಂದು ನೋಡುವ ಕ್ರಮವೇ. ಅಲ್ಲೂ ಈರುಳ್ಳಿ ಬೆಳ್ಳುಳ್ಳಿಗೆ ಮೊದಲಿಗೆ ಪ್ರವೇಶವಿಲ್ಲ. ಆದರೆ ಅಲ್ಲಿ ಪಕ್ಕದಲ್ಲಿ ಆಹಾರತಜ್ಞರು ಇರಬೇಕೆಂದು ನಿಯಮ. ಅಜ್ಜಿಯ ಪಕ್ಕದಲ್ಲಿ ಪಂಚಾಂಗ ಇದ್ದರೆ ಸಾಕು.

ಈಗ ಅಕ್ಕನ ಅಡುಗೆಮನೆಯ ಸ್ಥಿತಿ ನೋಡಿ. ಅತ್ತೆಗೆ ಅನ್ನ, ಹೆಸರುಬೇಳೆ ಆಗುತ್ತದೆ, ತರಕಾರಿ ಆಗದು. ಗಂಡನಿಗೆ ತರಕಾರಿ ಬಿಟ್ಟು ಬೇರೇನೂ ಆಗದು. ಇಬ್ಬರಿಗೂ ನಡೆಯುವ ಪದಾರ್ಥ ಮೂರೇ: ಉಪ್ಪು, ತುಪ್ಪ, ಆ ಹುಳಿ ಮೊಸರು. ಶ್ರಾವಣದಲ್ಲಿ ದಧಿವ್ರತ ಕೂತಾಗ ಮೊಸರೂ ಹೋಯಿತು. ಒಂದು ಒಲೆಯಲ್ಲಿ ಮಡಿ, ಇನ್ನೊಂದರಲ್ಲಿ ನುಗ್ಗೆಕಾಯಿ. ಅಜ್ಜಿಯ ಚಮಚ ಭಾವನ ಪಾತ್ರೆಗೆ ಬಿದ್ದರೆ ಅನ್ನದ ಅಗುಳಿನ ಭಯ, ಭಾವನ ಚಮಚ ಅಜ್ಜಿಯ ಪಾತ್ರೆಗೆ ಬಿದ್ದರೆ ಮೈಲಿಗೆ. ‘ಈ ಮನೆಗೆ ಸೊಸೆಯಾಗಿ ಬಂದಾಗ ಒಂದು ಮಠ ಇತ್ತು ಕಣೋ, ಈಗ ಎರಡಾಗಿದೆ’ ಎಂದಳು ಅಕ್ಕ.

ಒಂದು ಮಧ್ಯಾಹ್ನ ಅಜ್ಜಿ ಮಗನನ್ನು ಕೇಳಿದರು:

‘ನಿಂದು ಎಷ್ಟನೇ ತಿಂಗಳೋ?’

‘ತಿಂಗಳಲ್ಲಮ್ಮ, ಘಟ್ಟ. ಮೂರನೇದು.’

‘ಯಾವಾಗ ಸಮರ್ಪಣೆ?’

‘ಅದಕ್ಕೆಲ್ಲ ಸಮರ್ಪಣೆ ಇರಲ್ಲ. ಕರುಳು ವಾಸಿಯಾಗೋ ತನಕ.’

‘ಮುಗಿಯೋ ದಿನ ಇಲ್ಲದ ವ್ರತ ಯಾರೋ ಹೇಳಿಕೊಟ್ಟೋರು? ಅವರು ದಕ್ಷಿಣೆ ಎಷ್ಟು ತಗೊಂಡರು?’

ದಕ್ಷಿಣೆಯ ಲೆಕ್ಕ ಭಾವ ಹೇಳಲಿಲ್ಲ. ಪುಸ್ತಕ, ಬಾದಾಮಿ, ಯಾವುದೋ ಪುಡಿಯ ಡಬ್ಬಗಳು, ಎಲ್ಲವೂ ಮನೆಯ ಲೆಕ್ಕದಲ್ಲಿ ‘ಇತರೆ’ ಎಂಬ ಬಾಬ್ತಿನಡಿ ಹೋಗಿದ್ದನ್ನು ಅಕ್ಕ ನನಗೆ ತೋರಿಸಿದ್ದಳು.

ಒಂದು ವಿಷಯ ಒಪ್ಪಬೇಕು. ಭಾವನ ಹುಳಿತೇಗು ನಿಂತಿದೆ, ರಾತ್ರಿ ಎದ್ದು ಕೂರುವುದೂ ನಿಂತಿದೆ. ನುಗ್ಗೆಕಾಯಿ ನೀರಿನ ಕೀರ್ತಿ ಪಾರ್ಕಿನ ವಾಕಿಂಗ್ ಬಳಗದಲ್ಲೆಲ್ಲ ಹಬ್ಬಿದೆ. ಪಥ್ಯದಲ್ಲಿ ಕಡಲೆಹಿಟ್ಟಿಗೂ ಸ್ಥಾನವಿಲ್ಲದ್ದರಿಂದ ಸಂಜೆಯ ಬೋಂಡ ಏಪ್ರಿಲ್‌ನಿಂದಲೇ ನಿಂತುಹೋಗಿತ್ತು ಎಂಬುದನ್ನು ಆ ಬಳಗಕ್ಕೆ ಯಾರೂ ತಿಳಿಸಿಲ್ಲ. ಕೊನೆಯ ಮನೆಯ ಡಾಕ್ಟರು ಎದುರು ಸಿಕ್ಕಾಗ ಭಾವ ಅನುಕಂಪದಿಂದ ನಮಸ್ಕಾರ ಮಾಡುತ್ತಾರೆ.

ದೀಪಾವಳಿಗೆ ಹೋದಾಗ ಗ್ರೈಂಡರ್ ಕೆಳಗಿಳಿದಿತ್ತು. ಎಲೆಯಲ್ಲಿ ಇಡ್ಲಿಯೂ ಇತ್ತು. ಆರನೇ ಘಟ್ಟ ಮುಗಿಯಿತೇ ಎಂದು ಕೇಳಿದರೆ ಭಾವ ಕೈಯಾಡಿಸಿಬಿಟ್ಟರು. ‘ಕರುಳು ಹಳೇದಾಯ್ತಪ್ಪಾ. ಈಗ ಎಲ್ಲಾ ಇರೋದು ಉಸಿರಾಟದಲ್ಲಿ. ರಾತ್ರಿ ಬಾಯಿ ತೆರೆದು ಮಲಗೋದೇ ಸಕಲ ರೋಗಕ್ಕೂ ಮೂಲ. ನಾನು ತುಟಿಗೆ ಟೇಪ್ ಅಂಟಿಸಿಕೊಂಡು ಮಲಗ್ತೀನಿ, ನೀನೂ ಶುರುಮಾಡು.’

ನಾನು ಅಕ್ಕನ ಮುಖ ನೋಡಿದೆ. ಅವಳು ಎರಡನೇ ಸುತ್ತು ಚಟ್ನಿ ಬಡಿಸುತ್ತಾ ಅಂದಳು: ‘ಇದೊಂದು ಒಳ್ಳೇದೇ ಕಣೋ. ಹಗಲು ಹೊತ್ತೂ ಹಚ್ಚಿಕೊಳ್ಳಬಹುದಾ ಅಂತ ಸ್ವಲ್ಪ ವಿಚಾರಿಸಿ ಹೇಳು.’