ಗಾಳಿ ತಾಗಿದರೆ ಮೈಲಿಗೆ

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು. ಅವಳಿ ನಗರದಲ್ಲಿ ಪ್ರಯೋಗಾಲಯಗಳಿಗೆ ಬರವಿಲ್ಲ, ಬರ ಇರುವುದು ನಳಕ್ಕೆ. ಸಂಸ್ಥೆಯ ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ಒಂದು ಪ್ರಯೋಗಾಲಯದ ಅತಿಶುದ್ಧ ನೀರು ಬೀಕರಿನಲ್ಲಿ ಕೂತು ಮಾತಿಗೆ ಒಪ್ಪಿತು. ಪಕ್ಕದಲ್ಲೇ ರೋಧಕತೆ ಅಳೆಯುವ ಒಂದು ಮೀಟರು.

ನಾನು: ನಮಸ್ಕಾರ್ರಿ. ನಿಮ್ಮ ಊರು?

ನೀರು: ಮಹನೀಯರೇ, ಶುದ್ಧರಿಗೆ ಊರಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 18.2 ಮೆಗಾಓಮ್-ಸೆಂಟಿಮೀಟರ್ ರೋಧಕತೆ. ಅದೇ ನನ್ನ ವಿಳಾಸ.

ನಾನು: ಸವದತ್ತಿ ರೇಣುಕಾಸಾಗರದಿಂದ ಪೈಪಿನಾಗ ಬಂದದ್ದು ಅಂತ ಸಿಂಕಿನ ನಳ ಹೇಳ್ತು?

ನೀರು: ಆ ಮಲಪ್ರಭೆಯ ಸಂಬಂಧ ಪೂರ್ವಾಶ್ರಮದ್ದು. ಇದ್ದಿಲು, ಆರ್‌ಓ ಪೊರೆ, ಅಯಾನುಗಳನ್ನು ಕಿತ್ತುಕೊಳ್ಳುವ ರಾಳ, ಅತಿನೇರಳೆ ದೀಪ, ಕೊನೆಗೆ 0.2 ಮೈಕ್ರಾನ್ ಫಿಲ್ಟರು. ಇಷ್ಟೂ ದೀಕ್ಷೆಯಾದ ಮೇಲೆ ಯಾರ ಉಪ್ಪಿನ ಋಣವೂ ನನಗಿಲ್ಲ.

ನಾನು: ದೀಕ್ಷಾ ಸಿಗಲಾರದವರು?

ನೀರು: ಸಣ್ಣ ಆರ್‌ಓ ಯಂತ್ರದಲ್ಲಿ ಒಳಗೆ ಹೋದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಗಟಾರ ಸೇರುವುದುಂಟು. ಆ ಲೆಕ್ಕ ನಾನಿಡುವುದಿಲ್ಲ.

ನಾನು: 2008ರಾಗ ಕೆಲವು ವಾರ್ಡಿನಾಗ 24 ತಾಸು ನೀರು ಬಿಟ್ಟು ತೋರಿಸಿದ್ರು. ಎಷ್ಟೋ ಓಣ್ಯಾಗ ಮಂದಿ ಈಗೂ ಕೊಡ ಹಿಡಕೊಂಡು ವಾಲ್ವ್‌ಮನ್ ದಾರಿ ಕಾಯ್ತಾರ.

ನೀರು: ವಾಲ್ವ್‌ಮನ್? ಯಾರವರು?

ನಾನು: ಬಿಡ್ರಿ. ಮಹದಾಯಿ ನ್ಯಾಯಮಂಡಳಿ 2018ರಾಗ ಕರ್ನಾಟಕಕ್ಕ 13.42 ಟಿಎಂಸಿ ಅಂತು. ಕಳಸಾ-ಬಂಡೂರಿ ಹಳ್ಳದ ನೀರು ಮಲಪ್ರಭಾಕ್ಕ ತಿರುಗಿಸ್ರಿ ಅನ್ನೂ ಕೂಗು ಮಾತ್ರ ನಿಂತಿಲ್ಲ. ನಿಮ್ಮ ನಿಲುವು?

ನೀರು: ಧನ ಅಯಾನೂ ಇಲ್ಲ, ಋಣ ಅಯಾನೂ ಇಲ್ಲ. ನಿಲುವು ಎಲ್ಲಿಂದ ಬರಬೇಕು?

ನಾನು: ಅಯಾನು ಕಡಿಮಿ ಆದಂಗ ರೋಧಕತೆ ಏರ್ತೈತಲ್ಲ. ಏನೂ ಇಲ್ಲಂದ್ರ 18.2ಕ್ಕ ಯಾಕ ನಿಂತೀರಿ? ಇನ್ನೂ ಮ್ಯಾಲ ಹೋಗಬೇಕಿತ್ತಲ್ಲ!

ನೀರು (ತುಸು ಕಲಕಿ): ಅದು ಮನೆತನದ ವಿಚಾರ. ನನ್ನ ಅಣುಗಳಲ್ಲೇ ಎಲ್ಲೋ ಒಂದೊಂದು ಒಡೆದು ಹೈಡ್ರೋಜನ್, ಹೈಡ್ರಾಕ್ಸೈಡ್ ಎಂದು ಬೇರೆ ಮನೆ ಮಾಡುತ್ತವೆ. ಅದಕ್ಕೆ ಯಾವ ಫಿಲ್ಟರೂ ಇಲ್ಲ.

ನಾನು: ಇರಲಿ. ಕೆಲಸ ಏನು ಮಾಡ್ತೀರಿ?

ನೀರು: ಯಂತ್ರಕ್ಕೆ ಹಾಕಿದಾಗ ಏನೂ ಕಾಣಿಸದಿರುವುದು. ಬ್ಲ್ಯಾಂಕ್ ಎನ್ನುತ್ತಾರೆ. ದ್ರಾಕ್ಷಿಯಲ್ಲಿ ಕೀಟನಾಶಕ, ಬೋರ್‌ವೆಲ್ ನೀರಲ್ಲಿ ಸೀಸ, ಹೀಗೆ ನೂರು ಕೋಟಿಯಲ್ಲಿ ಒಂದು ಪಾಲು ಹುಡುಕುವವರಿಗೆ ಮೊದಲು ನನ್ನಲ್ಲಿ ಅದು ಇಲ್ಲವೆಂಬ ಖಾತ್ರಿ ಬೇಕು.

ನಾನು: ಅದ ಅರ್ಹತಾ ಮ್ಯಾಲ ನಮ್ಮಲ್ಲಿ ಎಷ್ಟೋ ಮಂದಿ ನಿವೃತ್ತಿ ತನಕ ಕುರ್ಚಿ ಬಿಟ್ಟಿಲ್ಲ. ಅಲ್ರೀ, ಮೀಟರ್ ಯಾಕ ಇಳ್ಯಾಕತ್ತೈತಿ? ನಿಮ್ಮ ದನೀನೂ ಬ್ಯಾರೆ ಆತು.

ನೀರು: ಗಾಳಿ ರೀ, ಗಾಳಿ! ಕಾರ್ಬನ್ ಡೈಆಕ್ಸೈಡ್ ಮೈಯಾಗ ಕರಗಾಕತ್ತೈತಿ. ಹಿಂಗ ತೆರೆದಿಟ್ರ 7 ಇದ್ದ ಪಿಎಚ್ 5.6ರ ಸಮೀಪಕ್ಕ ಬರ್ತೈತಿ. ಹುಳಿ ಆಗಿಬಿಡ್ತೇನಿ. ಗಾಜಿನಿಂದ ಸೋಡಿಯಂ, ಪ್ಲಾಸ್ಟಿಕ್ಕಿನಿಂದ ಇನ್ನೇನೋ. ಶುಕ್ರವಾರ ಕ್ಯಾನ್ ತುಂಬಿಟ್ಟು ಸೋಮವಾರ ಬಳಸೂ ಹುಡುಗರು ನನ್ನ ಹೆಸರಿನಾಗ ಯಾರನ್ನೋ ಬಳಸ್ತಾರ. ಅಂದಂಗ, ನಿಮ್ಮ ಓಣ್ಯಾಗ ನಳಾ ಎಂದು ಬರ್ತೈತಿ? ಆ ವಾಲ್ವ್‌ಮನ್ ಕೈ ತಿರುವದಿದ್ರ ನಮ್ಮ ಟಾಕಿನೂ ಖಾಲಿ, ಮಷೀನೂ ಬಂದ್.

ನಾನು: ಗುರ್ತು ಹತ್ತಿತಲ್ಲ! ನಿಮ್ಮನ್ನ ಕುಡಿದ್ರ ಸಾಯ್ತಾರಂತ, ಖರೇ ಏನ್ರಿ?

ನೀರು: ಸುಳ್ಳು. ಒಂದು ಗುಟುಕಿಗೆ ಏನೂ ಆಗೂದಿಲ್ಲ. ಸಪ್ಪಗ ಇರ್ತೇನಿ, ಅಷ್ಟ. ಮಿರ್ಚಿ ತಿಂದವರಿಗೆ ಸವದತ್ತಿ ನೀರ ಬೇಕು ಬಿಡ್ರಿ.

ಅಷ್ಟರಲ್ಲಿ ಸಂಶೋಧನಾ ವಿದ್ಯಾರ್ಥಿನಿ ಬಂದು ಮೀಟರ್ ನೋಡಿ ಹಣೆ ಚಚ್ಚಿಕೊಂಡಳು. "ಇದು ಇನ್ನ ಟೆಸ್ಟಿಗೆ ಬರೂದಿಲ್ಲ. ಚೆಲ್ಲೂದ್ಯಾಕ, ಇನ್ವರ್ಟರ್ ಬ್ಯಾಟರಿಗೆ ಹಾಕ್ತೇನಿ ತಗೋರಿ."

ನೀರು: ಬ್ಯಾಟರಿಗಾ? ಯವ್ವಾ, ಅಲ್ಲಿ ಆ್ಯಸಿಡ್ ಐತಿ!